ಔಟ್‌ಬೋರ್ಡ್ ಎಂಜಿನ್ ಬಿಸಿಯಾದರೆ ಮೊದಲು ನೀರಿನ ಧಾರೆ ನೋಡಿ

ಗೋವೆಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಮಾಲಿಮ್, ಬೇತುಲ್ ಕಡೆ ದೋಣಿ ಇರುವ ನಮ್ಮವರು ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಜೋಡಿಸುವ ಎಂಜಿನ್) ಚಾಲೂ ಮಾಡುವ ಮುನ್ನ ಇದನ್ನು ಓದಿ.

ಬಿಸಿಯ ಅಲಾರಂ ಕೂಗಿದರೆ, ಎಂಜಿನ್ ಪಕ್ಕದ ಸಣ್ಣ ರಂಧ್ರದಿಂದ ನೀರು ಚಿಮ್ಮುತ್ತಿದೆಯೇ ನೋಡಿ. ಇಲ್ಲವಾದರೆ ತಕ್ಷಣ ನಿಲ್ಲಿಸಿ, ಲಂಗರು ಹಾಕಿ, ಎಂಜಿನ್ ಮೇಲೆತ್ತಿ. ಕೆಳಭಾಗದ ನೀರೆಳೆಯುವ ಜಾಲರಿಗೆ ಪ್ಲಾಸ್ಟಿಕ್ ಚೀಲವೋ ಕೆಸರೋ ಮೆತ್ತಿಕೊಂಡಿರಬಹುದು. ಮಾಂಡವಿ ನದಿಯಲ್ಲಿ ಇವೆರಡಕ್ಕೂ ಬರವಿಲ್ಲ! ಜಾಲರಿ ಶುದ್ಧವಾಗಿದ್ದರೆ ಧಾರೆಯ ರಂಧ್ರಕ್ಕೆ ತೆಳು ತಂತಿ ಹಾಕಿ ಆಡಿಸಿ. ಎಷ್ಟೋ ಸಲ ಅಡ್ಡಿ ಇರುವುದು ಅಲ್ಲಿಯೇ.

ಎರಡೂ ಸರಿಯಿದ್ದರೆ ಅನುಮಾನ ಇಂಪೆಲ್ಲರ್ ಮೇಲೆ. ನೀರಿನ ಪಂಪಿನೊಳಗಿನ ಈ ರಬ್ಬರ್ ಚಕ್ರದ ರೆಕ್ಕೆಗಳು ತಿಂಗಳುಗಟ್ಟಲೆ ಮಡಿಚಿಕೊಂಡೇ ಕುಳಿತರೆ ಹಾಗೆಯೇ ಬಾಗಿ ಉಳಿಯುತ್ತವೆ. ದಡದಲ್ಲಿ ನೀರಿಲ್ಲದೆ ಎಂಜಿನ್ ಓಡಿಸಿ 'ಪರೀಕ್ಷಿಸುವ' ಉತ್ಸಾಹಿಗಳಿದ್ದಾರೆ. ಅವರ ರಬ್ಬರ್ ಕೆಲವೇ ಕ್ಷಣಗಳಲ್ಲಿ ಸುಡುತ್ತದೆ. ರೆಕ್ಕೆ ಮುರಿದಿದ್ದರೆ ಹೊಸದು ಹಾಕಿ ಸುಮ್ಮನಾಗಬೇಡಿ. ಮುರಿದ ಚೂರುಗಳನ್ನೂ ಹುಡುಕಿ ತೆಗೆಸಿ, ಇಲ್ಲವಾದರೆ ಅವು ಮೇಲಿನ ನೀರಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ.

ಧಾರೆ ಜೋರಾಗಿದ್ದೂ ಬಿಸಿಯಾಗುತ್ತಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಕಾದಾಗ ತೆರೆದು ತಂಪು ನೀರಿಗೆ ದಾರಿ ಕೊಡುವ ಕವಾಟ) ಉಪ್ಪುಗಟ್ಟಿರಬಹುದು. ಬಿಚ್ಚಿ ಪಾತ್ರೆಯ ನೀರಿನಲ್ಲಿಟ್ಟು ಕಾಯಿಸಿ. ಕುದಿ ಬರುವ ಮೊದಲೇ ಅದು ತೆರೆದುಕೊಳ್ಳಬೇಕು. ತೆರೆಯದಿದ್ದರೆ ಬದಲಿಸಿ.

ಸಮುದ್ರದಿಂದ ಬಂದ ಪ್ರತಿ ಸಲವೂ ಸಿಹಿನೀರಿನ ಪೈಪ್ ಜೋಡಿಸಿ ಹತ್ತು ನಿಮಿಷ ಒಳಭಾಗ ತೊಳೆಯಿರಿ.