ಬಿಸಿಲಿದ್ದಾಗ ಓಡುವ ಸರ್ವರ್: ನನ್ನ ಅನುಭವ

ಆಪರೇಟಿಂಗ್ ಸಿಸ್ಟಮ್, ಶೆಡ್ಯೂಲರ್ (ಯಾವ ಕೆಲಸ ಯಾವಾಗ ಓಡಬೇಕೆಂದು ತೀರ್ಮಾನಿಸುವ ತಂತ್ರಾಂಶ) ಎಂದು ಕೆಲಸ ಮಾಡಿಕೊಂಡಿದ್ದವರು ಸೌರ ವಿದ್ಯುತ್ತಿನ ಕಡೆ ಬಂದರೆ ಮೊದಲು ಹೊಳೆಯುವುದು ಇದೇ: ರಾತ್ರಿ ಓಡುವ ಬ್ಯಾಚ್ ಕೆಲಸಗಳನ್ನು (ಯಾರೂ ಎದುರು ಕೂರಬೇಕಿಲ್ಲದ ಉದ್ದದ ಲೆಕ್ಕಗಳನ್ನು) ಮಧ್ಯಾಹ್ನಕ್ಕೆ ಸರಿಸಿಬಿಡೋಣ. ಲ್ಯಾಬಿನ ಪುಟ್ಟ ಕ್ಲಸ್ಟರನ್ನು (ಒಟ್ಟಾಗಿ ದುಡಿಯುವ ಸರ್ವರುಗಳ ಗುಂಪನ್ನು) ತಾರಸಿಯ ಸೋಲಾರ್‌ಗೆ ಹೊಂದಿಸುವಾಗ ನಾನೂ ಅಲ್ಲಿಂದಲೇ ಶುರು ಮಾಡಿದೆ. ಸರಿಸುವುದು ಸುಲಭ. ಆದರೆ ಕೆಲಸವಿಲ್ಲದ ಸರ್ವರನ್ನು ಪೂರ್ತಿ ಆರಿಸದಿದ್ದರೆ ಅರ್ಧ ಉಳಿತಾಯ ಅಲ್ಲೇ ಸೋರಿಹೋಗುತ್ತದೆ.

ಲೆಕ್ಕ ನೋಡಿ. ಪೂರ್ತಿ ದುಡಿಯುವಾಗ 300 ವ್ಯಾಟ್, ಖಾಲಿ ಕೂತಾಗ 120 ವ್ಯಾಟ್ ಎಳೆಯುವ ಸರ್ವರ್ ಇದೆ ಎಂದುಕೊಳ್ಳಿ. ದಿನಕ್ಕೆ ಆರು ಗಂಟೆ ದುಡಿದರೆ 1.8 ಯೂನಿಟ್. ಮಿಕ್ಕ 18 ಗಂಟೆ ಸುಮ್ಮನೆ ಕೂತಿದ್ದಕ್ಕೆ 2.16 ಯೂನಿಟ್, ಅದರಲ್ಲಿ ಹೆಚ್ಚಿನದು ಸೂರ್ಯ ಇಲ್ಲದ ಹೊತ್ತಿನದು. ಗೂಗಲ್‌ನಲ್ಲಿದ್ದ ಲೂಯಿಜ್ ಬರೋಸೊ ಮತ್ತು ಉರ್ಸ್ ಹೋಲ್ಜ್ಲ 2007ರಲ್ಲೇ ಈ ಖಾಲಿ ಖರ್ಚಿನ ಕಡೆ ಬೆರಳು ತೋರಿದ್ದರು. ಬಳಸುವ ವಿದ್ಯುತ್ ಮಾಡುವ ಕೆಲಸಕ್ಕೆ ತಕ್ಕಷ್ಟೇ ಇರಬೇಕು ಎಂಬುದು ಅವರ ವಾದ. ಸಿಸ್ಟಮ್ಸ್ ಓದುವವರಿಗೆ ಇದಕ್ಕಿಂತ ಮುಖ್ಯವಾದ ಪಾಠ ಕಡಿಮೆ ಎಂದೇ ನನ್ನ ನಂಬಿಕೆ.

ಅಳತೆ ಎರಡು ಕಡೆ ಬೇಕು. ಪ್ರೊಸೆಸರ್ ಒಳಗಿನದಕ್ಕೆ ಇಂಟೆಲ್‌ನ ರ್‍ಯಾಪಲ್ ಕೌಂಟರ್, ಅಂದರೆ ಖರ್ಚಾದ ಶಕ್ತಿಯನ್ನು ಕೂಡಿಸುತ್ತಾ ಹೋಗುವ ಎಣಿಕೆ, ಇದೆ. ಲಿನಕ್ಸ್‌ನಲ್ಲಿ ಪವರ್‌ಕ್ಯಾಪ್ ಫೋಲ್ಡರಿನಿಂದ ಮೈಕ್ರೋಜೂಲ್‌ಗಳಲ್ಲಿ ಓದಬಹುದು, ಹೊಸ ಕರ್ನಲ್‌ಗಳಲ್ಲಿ ರೂಟ್ (ಯಂತ್ರದ ನಿರ್ವಾಹಕರ) ಅನುಮತಿ ಬೇಕು. ಈ ಕೌಂಟರ್ ತುಂಬಿದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮಿತಿ ಸುಮಾರು 2,62,000 ಜೂಲ್ ಇರುವ ಯಂತ್ರದಲ್ಲಿ, 100 ವ್ಯಾಟ್ ಓಡುತ್ತಿದ್ದರೆ, 44 ನಿಮಿಷಕ್ಕೊಮ್ಮೆ ಹೀಗಾಗುತ್ತದೆ. ಗಂಟೆಗೊಮ್ಮೆ ಓದಿದರೆ ಲೆಕ್ಕ ತಪ್ಪಿತೆಂದೇ ಅರ್ಥ. ನಾನು ಹತ್ತು ಸೆಕೆಂಡಿಗೊಮ್ಮೆ ಓದುತ್ತೇನೆ. ಫ್ಯಾನ್, ಡಿಸ್ಕ್, ಪವರ್ ಸಪ್ಲೈ ತಿನ್ನುವುದು ಇದರಲ್ಲಿ ಬರುವುದಿಲ್ಲ. ಅದಕ್ಕೆ ಪ್ಲಗ್ ಪಾಯಿಂಟಿನಲ್ಲೇ ಮೀಟರ್ ಹಾಕಬೇಕು. ವೋಲ್ಟನ್ನೂ ಆಂಪಿಯರನ್ನೂ ಬರೀ ಗುಣಿಸುವ ಅಗ್ಗದ ಮೀಟರ್ ಬೇಡ: ಖಾಲಿ ಸರ್ವರಿನ ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಇಳಿದಿರುತ್ತದೆ, ಹಾಗಾಗಿ ಅದು ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ.

ಇನ್‌ವರ್ಟರಿನಿಂದ ಉತ್ಪಾದನೆಯ ಅಂಕಿ ತರಲು ಆರ್‌ಎಸ್-485 ತಂತಿಯ ಮೇಲೆ ಮಾಡ್‌ಬಸ್ (ಯಂತ್ರಗಳು ಅಂಕಿ ವಿನಿಮಯ ಮಾಡಿಕೊಳ್ಳುವ ಭಾಷೆ) ಬಳಸಿದೆ. ಉದ್ದದ ತಂತಿಗೆ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇಲ್ಲದಿದ್ದರೆ ಆಗಾಗ ಓದು ಕೆಡುತ್ತದೆ. 32 ಬಿಟ್ ಅಂಕಿ ಎರಡು ರಿಜಿಸ್ಟರಿನಲ್ಲಿ (ಅಂಕಿ ಇಡುವ ಖಾನೆಯಲ್ಲಿ) ಬರುವುದರಿಂದ ಯಾವುದು ಮೊದಲು ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಿಂದುಮುಂದಾದರೆ ಕೋಟಿಗಟ್ಟಲೆ ವ್ಯಾಟ್ ಬರುತ್ತದೆ. ಅದು ಕೂಡಲೇ ಕಣ್ಣಿಗೆ ಬೀಳುವ ತಪ್ಪು. ಕಣ್ಣಿಗೆ ಬೀಳದ್ದು ಗಡಿಯಾರದ್ದು. ಇನ್‌ವರ್ಟರ್ ನಮ್ಮ ಸಮಯದಲ್ಲಿ, ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯದಲ್ಲಿ) ಬರೆಯುತ್ತಿದ್ದರೆ ಐದೂವರೆ ಗಂಟೆ ಅಂತರ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ವರ್ಷದ ಸರಾಸರಿಯಲ್ಲಿ 12:20ರ ಹೊತ್ತಿಗೆ. ಗ್ರಾಫಿನ ಶಿಖರ 6:50ಕ್ಕೆ ಕಂಡರೆ ಅದು ಯುಟಿಸಿ ಎಂದು ತಿಳಿಯಿರಿ.

ಶೆಡ್ಯೂಲರ್ ಆಗಿ ಸ್ಲರ್ಮ್ ಎಂಬ ತಂತ್ರಾಂಶ ಸಾಕು. ಅದರ ಸಸ್ಪೆಂಡ್ ಆದೇಶ ಇಲ್ಲಿ ಉಪಯೋಗಕ್ಕಿಲ್ಲ: ಪ್ರೋಗ್ರಾಮ್ ನಿಲ್ಲುತ್ತದೆ, ಮೆಮೊರಿ ಹಾಗೇ ಇರುತ್ತದೆ, ಸರ್ವರ್ 120 ವ್ಯಾಟ್ ಎಳೆಯುತ್ತಲೇ ಇರುತ್ತದೆ. ಕೆಲಸದ ಸ್ಥಿತಿಯನ್ನು ಡಿಸ್ಕಿಗೆ ಬರೆಸಿ, ಅದನ್ನು ಮತ್ತೆ ಸರತಿಗೆ ಹಾಕಿ, ಯಂತ್ರ ಆರಿಸಬೇಕು. ನಿಲ್ಲಿಸುವ ಸಿಗ್ನಲ್ ಬಂದ ಮೇಲೆ ಸ್ಲರ್ಮ್ ತಾನಾಗಿ ಕೊಡುವ ಗಡುವು 30 ಸೆಕೆಂಡ್ ಮಾತ್ರ. ದೊಡ್ಡ ಮ್ಯಾಟ್ರಿಕ್ಸ್ ಅಷ್ಟರಲ್ಲಿ ಬರೆದು ಮುಗಿಯುವುದಿಲ್ಲ, ಫೈಲ್ ಅರೆಬರೆಯಾಗುತ್ತದೆ. ಆದ್ದರಿಂದ ಐದು ನಿಮಿಷ ಮೊದಲೇ ಬೇರೆ ಸಿಗ್ನಲ್ ಕಳಿಸಿ. ತಾತ್ಕಾಲಿಕ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ಡಿಸ್ಕಿಗೆ ತಲುಪಿತೆಂದು ಖಚಿತಪಡಿಸಿ), ಆಮೇಲೆ ನಿಜವಾದ ಹೆಸರಿಗೆ ಬದಲಿಸಿ. ಎಲ್ಲ ಕೆಲಸಗಳಿಗೂ ಒಂದೇ ಕ್ಷಣದಲ್ಲಿ ಸಿಗ್ನಲ್ ಹೋದರೆ ಎನ್‌ಎಫ್‌ಎಸ್ ಸರ್ವರ್ (ಎಲ್ಲ ಯಂತ್ರಗಳ ಫೈಲುಗಳನ್ನು ನೆಟ್ವರ್ಕಿನಲ್ಲಿ ಇಡುವ ಸರ್ವರ್) ಉಸಿರುಗಟ್ಟುತ್ತದೆ. ಒಂದೊಂದರ ನಡುವೆ 20 ಸೆಕೆಂಡ್ ಬಿಡುತ್ತೇನೆ.

ಎಬ್ಬಿಸುವಾಗಲೂ ಒಂದು ಎಡವಟ್ಟಿದೆ. ಎದ್ದು ಬರಲು ಸ್ಲರ್ಮ್ ಕಾಯುವ ಮೂಲ ಅವಧಿ 60 ಸೆಕೆಂಡ್. ಮೆಮೊರಿ ಜಾಸ್ತಿ ಇರುವ ಸರ್ವರ್ ಬೂಟ್ ಆಗಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಸ್ಲರ್ಮ್ ಅದನ್ನು ಕೆಟ್ಟಿದೆ ಎಂದು ಗುರುತು ಹಾಕಿಬಿಡುತ್ತದೆ. ನಾನು 600ಕ್ಕೆ ಏರಿಸಿದೆ. ಈ ತಡದಿಂದಾಗಿಯೇ ಮೋಡ ಸರಿದಾಗಲೆಲ್ಲ ಆನ್-ಆಫ್ ಮಾಡುವಂತಿಲ್ಲ. ಹೆಚ್ಚುವರಿ ಉತ್ಪಾದನೆ ಸತತ ಹತ್ತು ನಿಮಿಷ ಇದ್ದರೆ ಒಂದು ಸರ್ವರ್ ಏಳುತ್ತದೆ, ಸತತ 20 ನಿಮಿಷ ಇಲ್ಲದಿದ್ದರೆ ಒಂದು ಮಲಗುತ್ತದೆ. ಏಳಿಸುವ ಮಿತಿ ಮಲಗಿಸುವ ಮಿತಿಗಿಂತ ಒಂದು ಸರ್ವರಿನಷ್ಟು ಮೇಲಿರಲಿ.

ಜೂನ್‌ನಿಂದ ಈ ನಿಯಮ ಸಡಿಲಿಸುತ್ತೇನೆ. ಮಳೆಗಾಲದಲ್ಲಿ ತಾರಸಿ ಸೊರಗುತ್ತದೆ, ಅದೇ ಹೊತ್ತಿಗೆ ಚಿತ್ರದುರ್ಗ, ಗದಗ ಕಡೆಯ ಗಾಳಿಯಂತ್ರಗಳಿಗೆ ಸುಗ್ಗಿ. ಗ್ರಿಡ್ ವಿದ್ಯುತ್ ಬಳಸಿದರೂ ಅದರಲ್ಲಿ ಗಾಳಿಯ ಪಾಲು ಹೆಚ್ಚಿರುತ್ತದೆ. ಹಾಗಾಗಿ 24 ಗಂಟೆ ಕಾದ ಕೆಲಸ ಬಿಸಿಲಿಗೆ ಕಾಯದೆ ಓಡುತ್ತದೆ. ಇನ್ನೊಂದು ಮಾತು: ಬ್ಯಾಟರಿ ಇಲ್ಲದ ಗ್ರಿಡ್ ಇನ್‌ವರ್ಟರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಸುರಿಯುವ ಬಿಸಿಲಲ್ಲೂ ಉತ್ಪಾದನೆ ಸೊನ್ನೆ. ಆಗ 20 ನಿಮಿಷ ಕಾಯುವ ನಿಯಮವನ್ನು ಬದಿಗಿಟ್ಟು, ಯುಪಿಎಸ್‌ನಿಂದ ಸೂಚನೆ ಬಂದ ತಕ್ಷಣ ಚೆಕ್‌ಪಾಯಿಂಟ್ (ಕೆಲಸದ ಸ್ಥಿತಿ) ಬರೆಯಲು ಶುರು ಮಾಡಬೇಕು.