ಆಡುವುದು ಬಿಟ್ಟು ಕಲಿಸಲು ನಿಂತ ಮೇಲೆ

ಕಾರವಾರದಲ್ಲಿ ಐಸ್ ಇರುವುದು ಮೀನು ಬಂದರಿನಲ್ಲಿ. ಹಾಕಿಗೆ ಸಿಮೆಂಟ್ ನೆಲವೇ ಗತಿ. ಹಾಗಾಗಿ ನಾನು ಆಡಿದ್ದೂ, ಈಗ ಮಕ್ಕಳಿಗೆ ಕಲಿಸುತ್ತಿರುವುದೂ ಇನ್‌ಲೈನ್ ಹಾಕಿ, ಅಂದರೆ ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟ್ ತೊಟ್ಟು ಆಡುವ ಹಾಕಿ. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಆರು ಜನ, ಇದರಲ್ಲಿ ಐದು. ಅಷ್ಟು ಜಾಗ ಬಿಡುವಾಗುತ್ತದೆ, ಆದ್ದರಿಂದ ತೋಳ್ಬಲಕ್ಕಿಂತ ಪಾಸ್ ಮುಖ್ಯ.

ಹೊಸ ಮಕ್ಕಳಿಗೆ ನಾನು ಮೊದಲು ಕಲಿಸುವುದು ನಿಲ್ಲುವುದನ್ನು, ಸ್ಟಿಕ್ ಆಮೇಲೆ. ಐಸ್ ಮೇಲೆ ಎರಡೂ ಪಾದ ಅಡ್ಡ ತಿರುಗಿಸಿದರೆ ಬ್ಲೇಡ್ ಮಂಜು ಕೆರೆದು ನಿಲ್ಲುತ್ತದೆ. ವಿಡಿಯೋ ನೋಡಿ ಬಂದ ಹುಡುಗರು ಸಿಮೆಂಟಿನ ಮೇಲೂ ಅದನ್ನೇ ಮಾಡುತ್ತಾರೆ. ಚಕ್ರ ಜಾರದೆ ಹಿಡಿದುಕೊಳ್ಳುತ್ತದೆ, ಹುಡುಗ ಪಕ್ಕಕ್ಕೆ ಬೀಳುತ್ತಾನೆ. ಅದಕ್ಕೇ ಟಿ-ಸ್ಟಾಪ್: ಮುಂದಿನ ಮೊಣಕಾಲು ಬಗ್ಗಿಸಿ ಭಾರವೆಲ್ಲ ಅದರ ಮೇಲಿಟ್ಟು, ಹಿಂದಿನ ಪಾದ ಅಡ್ಡ ಮಾಡಿ ಮೆಲ್ಲಗೆ ಎಳೆಯುವುದು. ಹಿಂದಿನ ಕಾಲಿಗೆ ಭಾರ ಹೋಯಿತೋ, ಮೈ ಗಿರ್ರನೆ ತಿರುಗುತ್ತದೆ. ಎಳೆಯುವ ಚಕ್ರಗಳ ಒಳಬದಿ ಬೇಗ ಸವೆಯುವುದರಿಂದ ಆಗಾಗ 1ನೆಯದನ್ನು 3ಕ್ಕೆ, 2ನೆಯದನ್ನು 4ಕ್ಕೆ ಬದಲಿಸಿ, ಮಗ್ಗುಲನ್ನೂ ತಿರುಗಿಸಿ ಹಾಕಬೇಕು.

ಸ್ಕೇಟ್ ತೊಟ್ಟು ನಿಂತಾಗ ಸ್ಟಿಕ್ ಗದ್ದದವರೆಗೆ ಬಂದರೆ ಸಾಕು. ಇನ್ನೂ ಬೆಳೆಯುತ್ತಾನಲ್ಲ ಎಂದು ಉದ್ದದ್ದು ತರುವ ತಂದೆತಾಯಂದಿರ ಜೊತೆ ವಾದ ಇದ್ದದ್ದೇ. ಉದ್ದ ಸ್ಟಿಕ್ ಹಿಡಿದ ಮಗು ಬೆನ್ನು ಬಗ್ಗಿಸದೆ ನೆಟ್ಟಗೆ ನಿಲ್ಲುತ್ತದೆ, ಪಕ್ (ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ) ಕಾಲಿನಿಂದ ದೂರ ಓಡುತ್ತದೆ.

ಕರಾವಳಿಯಲ್ಲಿ ದೊಡ್ಡ ಕಾಟ ಬೇರಿಂಗಿನದು. ನಾಲ್ಕು ಚಕ್ರದ ಒಂದು ಜೊತೆ ಸ್ಕೇಟಿಗೆ 16 ಬೇರಿಂಗ್, ಎಲ್ಲವೂ 608 ಅಳತೆಯವು: ಒಳಗೆ 8 ಮಿ.ಮೀ., ಹೊರಗೆ 22. ಉಪ್ಪುಗಾಳಿ, ಕೆಂಪು ಧೂಳು, ಮೇಲೆ ಮಳೆನೀರು. ತುಕ್ಕು ಹಿಡಿಯಲು ಇಷ್ಟು ಸಾಕು. ಒದ್ದೆಯಾದ ದಿನವೇ ಬಿಚ್ಚಿ, ರಬ್ಬರ್ ಮುಚ್ಚಳವನ್ನು ಪಿನ್ನಿನಿಂದ ಎಬ್ಬಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಡಬೇಕು. ತೆಂಗಿನೆಣ್ಣೆ ಬೇಡವೇ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ.

ಇನ್ನು ಕೋಚ್ ನಿಲ್ಲುವ ಜಾಗ. ಆಡಿ ಬಂದವರ ಕಣ್ಣು ಪಕ್ ಹಿಂದೆಯೇ ಓಡುತ್ತದೆ. ನಾನು ಗೋಲಿನ ಹಿಂದಿನ ಮೂಲೆಯಲ್ಲಿ ನಿಂತು, ಪಕ್ ಇಲ್ಲದ ಮೂವರನ್ನು ನೋಡುತ್ತೇನೆ. ಪಾಸ್ ಕೊಟ್ಟವನು ಅಲ್ಲೇ ನಿಂತನೆ, ಖಾಲಿ ಜಾಗಕ್ಕೆ ಹೋದನೆ? ನಿಂತಿದ್ದರೆ ಸೀಟಿ ಊದಿ, ಅದೇ ಪಾಸನ್ನು ಅಲ್ಲಿಂದಲೇ ಮತ್ತೆ ಆಡಿಸುತ್ತೇನೆ.