ಅಪ್ಪ-ಅಮ್ಮನಿಗೆ ಸ್ಮಾರ್ಟ್ ವಾಚ್ ಕೊಡಿಸ್ತೀರಾ? ಮೊದಲು ಬಿಪಿ ಮೆಷಿನ್ ಕೊಡಿಸಿ

ಊರಲ್ಲಿರುವ ಅಪ್ಪ-ಅಮ್ಮನಿಗೆ ಹಬ್ಬಕ್ಕೆ ಸ್ಮಾರ್ಟ್ ವಾಚ್ ಕೊಡಿಸಿಬಿಟ್ಟರೆ ಹಾರ್ಟ್ ಬಗ್ಗೆ ನಿಶ್ಚಿಂತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ವಾಚ್ ಕೆಟ್ಟದ್ದೇನಲ್ಲ. ಆದರೆ ದುಡ್ಡು ಒಂದಕ್ಕೇ ಇದೆ ಅಂದರೆ ತೋಳಿಗೆ ಪಟ್ಟಿ ಕಟ್ಟುವ ಬಿಪಿ ಮೆಷಿನ್ ತಗೊಳ್ಳಿ. ಡಾಕ್ಟರ್ ಔಷಧಿ ಬದಲಾಯಿಸುವಾಗ ನೋಡುವುದು ಆ ನಂಬರ್‌ಗಳನ್ನೇ.

ಮಣಿಕಟ್ಟಿಗೆ ಕಟ್ಟುವ ಮೆಷಿನ್ ಬೇಡ, ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ರೀಡಿಂಗ್ ಬದಲಾಗುತ್ತದೆ. ಕೊಳ್ಳುವ ಮುಂಚೆ ಟೇಪ್ ಹಿಡಿದು ತೋಳಿನ ಸುತ್ತಳತೆ ನೋಡಿ, ಅದಕ್ಕೆ ಹೊಂದುವ ಪಟ್ಟಿಯನ್ನೇ ಕೇಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯನ್ನೂ ತೋರಿಸುತ್ತದೆ.

ಇನ್ನು ನೋಡುವ ರೀತಿ. ಇಲ್ಲೇ ಎಲ್ಲರೂ ಎಡವುವುದು. ಹೊರಗಿಂದ ಬಂದವರೇ ಸೋಫಾದಲ್ಲಿ ಕೂತು, ಕೈಯನ್ನು ತೊಡೆ ಮೇಲೆ ಇಟ್ಟುಕೊಂಡು, ಟಿವಿ ನೋಡುತ್ತಾ, ಪಕ್ಕದವರ ಜೊತೆ ಮಾತಾಡುತ್ತಾ ಬಟನ್ ಒತ್ತುತ್ತಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2024ರಲ್ಲಿ ಕೈ ಎಲ್ಲಿಡುತ್ತೇವೆ ಅನ್ನುವುದನ್ನೇ ಪರೀಕ್ಷೆ ಮಾಡಿ ನೋಡಿದರು. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟಾಗ ಬಂದಿದ್ದಕ್ಕಿಂತ ತೊಡೆ ಮೇಲೆ ಇಟ್ಟಾಗ ಮೇಲಿನ ನಂಬರ್ ಸುಮಾರು 4 ಜಾಸ್ತಿ ಬಂತು. ಕೈ ಸುಮ್ನೆ ಪಕ್ಕಕ್ಕೆ ಜೋತು ಬಿದ್ದಿದ್ದರೆ 6.5 ಜಾಸ್ತಿ. 134 ಇದ್ದದ್ದು 140 ದಾಟುವುದಕ್ಕೆ ಅಷ್ಟು ಸಾಕು, ಅಲ್ವಾ?

ಹಾಗಾಗಿ ಊಟದ ಮೇಜಿನ ಹತ್ತಿರ ಬೆನ್ನಿಗೆ ಆಸರೆ ಇರುವ ಕುರ್ಚಿ ಹಾಕಿಕೊಡಿ. ಪಾದ ಎರಡೂ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಹಾಕಬಾರದು. ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಸುಮ್ನೆ ಕೂರಬೇಕು. ಕಾಫಿ ಆಮೇಲೆ ಕುಡಿಯಲಿ. ಪಟ್ಟಿ ಬರಿ ತೋಳಿಗೆ ಕಟ್ಟಬೇಕು, ಸ್ವೆಟರ್ ಮೇಲಲ್ಲ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಮಾತ್ರೆ ತಗೊಳ್ಳುವ ಮುಂಚೆ ಒಮ್ಮೆ, ರಾತ್ರಿ ಒಮ್ಮೆ, ಹೀಗೆ ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಡಾಕ್ಟರಿಗೆ ತೋರಿಸಿ. ಒಂದು ದಿನ 150 ಬಂತು ಅಂತ ನೀವೇ ಇನ್ನೊಂದು ಮಾತ್ರೆ ನುಂಗಿಸಬೇಡಿ.

ವಾಟ್ಸ್ಆ್ಯಪ್‌ನಲ್ಲಿ ಡಾಕ್ಟರಿಗೆ ದಿನಾ ಮೆಷಿನ್ ಫೋಟೋ ಕಳಿಸುವುದು ಬೇಡ. ಯಾರೂ ಅದನ್ನು ಕೂಡಿಸಿ ನೋಡುವುದಿಲ್ಲ. ಹಳೇ ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ಎರಡು ನಂಬರ್, ನಾಡಿ ಬರೆದು, ಕೊನೆಗೆ ಆ ಒಂದು ಹಾಳೆಯ ಫೋಟೋ ಕಳಿಸಿ.

ಈಗ ವಾಚ್ ವಿಷಯಕ್ಕೆ ಬರೋಣ. ಹಿಂದುಗಡೆ ಹಸಿರು ಲೈಟ್ ಮಿಣುಕುತ್ತದಲ್ಲ, ಅದು ಚರ್ಮದ ಕೆಳಗೆ ರಕ್ತ ಹರಿಯುವ ತಾಳವನ್ನು ನೋಡುತ್ತದೆ. ಆ ತಾಳ ಪದೇ ಪದೇ ತಪ್ಪಿದರೆ ಎಚ್ಚರಿಸುತ್ತದೆ. ಅದು ಹುಡುಕುವುದು ಏಟ್ರಿಯಲ್ ಫಿಬ್ರಿಲೇಷನ್ ಅನ್ನುವ ತೊಂದರೆಯನ್ನು. ಹೃದಯದ ಮೇಲಿನ ಕೋಣೆ ಸರಿಯಾಗಿ ಬಡಿಯದೆ ಅದುರುತ್ತಾ ಇದ್ದರೆ ಒಳಗೆ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. 2019ರಲ್ಲಿ ಬಂದ ಆ್ಯಪಲ್ ಹಾರ್ಟ್ ಸ್ಟಡಿಯಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಎಚ್ಚರಿಕೆ ಬಂದಿದ್ದು ಒಟ್ಟು 0.52% ಜನರಿಗೆ. 65 ದಾಟಿದವರಲ್ಲಿ 3.1%, 40ರ ಒಳಗಿನವರಲ್ಲಿ ಬರೀ 0.16%. ಅಂದರೆ ಈ ಸೌಲಭ್ಯ ಜಾಸ್ತಿ ಉಪಯೋಗಕ್ಕೆ ಬರುವುದು ನಿಮಗಲ್ಲ, ನಿಮ್ಮ ಅಪ್ಪನಿಗೆ. ಎಚ್ಚರಿಕೆ ಬಂದರೆ ಗಾಬರಿ ಬೇಡ, ಉಡಾಫೆಯೂ ಬೇಡ. ವಾಚ್‌ನಲ್ಲಿ ಇಸಿಜಿ ಇದ್ದರೆ ತೆಗೆದು ಪಿಡಿಎಫ್ ಉಳಿಸಿಕೊಂಡು, ಆ ವಾರದಲ್ಲೇ ಡಾಕ್ಟರ್ ಹತ್ತಿರ ಹೋಗಿ.

ಒಂದು ಮಾತ್ರ ಗೋಡೆ ಮೇಲೆ ಬರೆದಿಡುವಂಥದ್ದು: ವಾಚ್ ಹಾರ್ಟ್ ಅಟ್ಯಾಕ್ ಹಿಡಿಯುವುದಿಲ್ಲ. ಆಸ್ಪತ್ರೆಯ ಇಸಿಜಿ ಹೃದಯವನ್ನು ಹನ್ನೆರಡು ಕೋನದಿಂದ ನೋಡುತ್ತದೆ, ವಾಚ್ ಒಂದೇ ಕೋನದಿಂದ. ಎದೆ ಹಿಂಡಿದ ಹಾಗೆ ಆಗಿ, ಬೆವರು ಕಿತ್ತು, ನೋವು ಎಡಗೈಗೋ ದವಡೆಗೋ ಹಬ್ಬುತ್ತಿದೆ, ಆದರೆ ವಾಚ್ ನಾರ್ಮಲ್ ಅನ್ನುತ್ತಿದೆ ಅಂತ ಕೂತರೆ ಕೆಟ್ಟಿತು. ಗ್ಯಾಸ್ಟ್ರಿಕ್ ಇರಬೇಕು, ಸೋಡಾ ಕುಡಿ ಅನ್ನುವ ಪಕ್ಕದ ಮನೆಯವರ ಮಾತೂ ಅಷ್ಟೇ.

ತಕ್ಷಣ 108ಕ್ಕೆ ಫೋನ್ ಮಾಡಿ. ರೋಗಿಯೇ ಬೈಕ್ ಓಡಿಸಿಕೊಂಡು ಹೋಗಬಾರದು. ದೂರದ ದೊಡ್ಡ ಆಸ್ಪತ್ರೆಗೇ ಹೋಗಬೇಕು ಅಂತ ಹಟವೂ ಬೇಡ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ಪರಿಶೀಲನೆಯಾಗಿ, ಜಯದೇವದಂಥ ಆಸ್ಪತ್ರೆಯ ತಜ್ಞರ ಮಾತು ಬೇಗ ಸಿಗುತ್ತದೆ. ಅಟ್ಯಾಕ್ ಅಂತ ಗೊತ್ತಾಗಿ, ಹೆಪ್ಪು ಕರಗಿಸುವ ಔಷಧಿ ಕೊಡಬಹುದು ಅಂತಾದರೆ, ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆಮೇಲೆ ಬೇಕಾದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಈ ಸಲ ಊರಿಗೆ ಹೋದಾಗ ನಿಮ್ಮ ತಾಲೂಕು ಆಸ್ಪತ್ರೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಇದು ರಾತ್ರಿ ಹೊತ್ತೂ ಸಿಗುತ್ತಾ, ಯಾವ ಬಾಗಿಲಿಗೆ ಹೋಗಬೇಕು ಅಂತ ಕೇಳಿ, ಬಿಪಿ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.